ಮೌಸ್ ಹಿಡಿದ ಕೈ, ಕಾಯಿ ಹಿಡಿದ ಕೈ

2020ರ ಆಗಸ್ಟ್ 30, ಭಾನುವಾರ. ವಿಶ್ವ ಚೆಸ್ ಸಂಸ್ಥೆ ಫಿಡೆಯ ಆನ್‌ಲೈನ್ ಚೆಸ್ ಒಲಿಂಪಿಯಾಡ್‌ನ ಫೈನಲ್. ಒಂದು ಕಡೆ ಭಾರತ, ಇನ್ನೊಂದು ಕಡೆ ರಷ್ಯಾ. ಆಟಗಾರರೆಲ್ಲ ತಾವಿದ್ದಲ್ಲೇ ಕಂಪ್ಯೂಟರ್ ಮುಂದೆ ಕೂತಿದ್ದರು. ತಂಡಕ್ಕೆ ಆರು ಬೋರ್ಡು, ಒಬ್ಬೊಬ್ಬರಿಗೆ 15 ನಿಮಿಷ, ಪ್ರತಿ ನಡೆಗೂ 5 ಸೆಕೆಂಡ್ ಸೇರ್ಪಡೆ. ಮೊದಲ ಸುತ್ತಿನ ಆರೂ ಆಟ ಡ್ರಾ ಆಗಿ ಅಂಕ 3-3ರಲ್ಲಿ ನಿಂತಿತ್ತು. ಎರಡನೇ ಸುತ್ತು ಬಿಸಿಯೇರಿದ ಹೊತ್ತಿಗೆ ಎರಡು ಬೋರ್ಡುಗಳಲ್ಲಿ ಭಾರತದ ಕಾಯಿಗಳು ಅಲುಗಾಡುವುದೇ ನಿಂತಿತು. ಒಂದರಲ್ಲಿ ತ್ರಿಶೂರಿನ 16ರ ಹುಡುಗ ನಿಹಾಲ್ ಸರಿನ್, ಇನ್ನೊಂದರಲ್ಲಿ ನಾಗ್ಪುರದ 14ರ ಹುಡುಗಿ ದಿವ್ಯಾ ದೇಶಮುಖ್. ದಿವ್ಯಾ ಗೆಲ್ಲುವ ಸ್ಥಿತಿಯಲ್ಲಿದ್ದಳು. ಸಂಪರ್ಕ ಕಡಿದಿತ್ತು, ಗಡಿಯಾರ ಮಾತ್ರ ಓಡುತ್ತಲೇ ಇತ್ತು. ಇಬ್ಬರೂ ಸಮಯ ಮುಗಿದು ಸೋತರು. ರಷ್ಯಾ 4.5-1.5ರಿಂದ ಗೆದ್ದಿತೆಂದು ಪರದೆ ತೋರಿಸಿತು.

ತಪ್ಪು ಆ ಮಕ್ಕಳದ್ದಲ್ಲ, ಅವರ ಮನೆಯ ವೈಫೈದ್ದೂ ಅಲ್ಲ. ಅಮೆರಿಕದ ಸೆಂಚುರಿಲಿಂಕ್ ಜಾಲದಲ್ಲಿ ಆ ದಿನ ಎದ್ದ ದೋಷದಿಂದ ಕ್ಲೌಡ್‌ಫ್ಲೇರ್ ಸೇವೆಗೆ ಪೆಟ್ಟು ಬಿದ್ದು, ಜಗತ್ತಿನ ಎಷ್ಟೋ ತಾಣಗಳು ಕೈಗೆ ಸಿಗದಂತಾಗಿದ್ದವು. ಭಾರತ ಮೇಲ್ಮನವಿ ಸಲ್ಲಿಸಿತು. ಫಿಡೆ ಅಧ್ಯಕ್ಷ ಅರ್ಕಾಡಿ ದ್ವೋರ್ಕೊವಿಚ್ ಎರಡೂ ತಂಡಕ್ಕೆ ಚಿನ್ನ ಎಂದು ಘೋಷಿಸಿದರು. ಕೆಲವೇ ದಿನ ಮೊದಲು ಕ್ವಾರ್ಟರ್ ಫೈನಲ್‌ನಲ್ಲಿ ಇದೇ ನಿಹಾಲ್ ಎದುರು ಆಡುತ್ತಿದ್ದ ಅರ್ಮೇನಿಯಾದ ಹೈಕ್ ಮಾರ್ತಿರೋಸ್ಯಾನ್ ಅವರ ಸಂಪರ್ಕ ಕಡಿದಾಗ ಅವರ ತಂಡದ ಮನವಿ ತಿರಸ್ಕೃತವಾಗಿತ್ತು. ಅರ್ಮೇನಿಯಾ ಮುಂದಿನ ಸುತ್ತನ್ನೇ ಆಡದೆ ಹೊರನಡೆಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಮೇನಿಯಾದವರ ಸಂಕಟ ಅರ್ಥವಾಗುತ್ತದೆ.

ಟೂರ್ನಮೆಂಟ್ ಹಾಲ್‌ನಲ್ಲಿ ಕರೆಂಟ್ ಹೋದರೆ ಆರ್ಬಿಟರ್, ಅಂದರೆ ಪಂದ್ಯದ ತೀರ್ಪುಗಾರರು, ಗಡಿಯಾರಗಳನ್ನು ನಿಲ್ಲಿಸುತ್ತಾರೆ, ಬೆಳಕು ಬಂದ ಮೇಲೆ ಅದೇ ಸೆಕೆಂಡಿನಿಂದ ಆಟ ಮುಂದುವರಿಯುತ್ತದೆ. ಮೇಜು, ಬೆಳಕು, ಗಡಿಯಾರ, ನಿಶ್ಶಬ್ದ ಎಲ್ಲವೂ ಹಾಲ್‌ನವರ ಹೊಣೆ. ಆಟಗಾರ ಬಂದು ಕೂತು ಆಡಿದರೆ ಮುಗಿಯಿತು. ಆನ್‌ಲೈನ್‌ನಲ್ಲಿ ಆ ಹೊಣೆಯೆಲ್ಲ ಆಡುವವರ ಮನೆಗೆ ಬಂದುಬಿಟ್ಟಿದೆ. ಆಟ ಬದಲಾಗಿದೆ ಎನ್ನುವವರು ಸಾಮಾನ್ಯವಾಗಿ ಇಂಜಿನ್ ಬಗ್ಗೆ, ಅಂದರೆ ಒಳ್ಳೆಯ ನಡೆ ಹುಡುಕಿಕೊಡುವ ತಂತ್ರಾಂಶದ ಬಗ್ಗೆ, ಓಪನಿಂಗ್ ಎಂಬ ಆರಂಭದ ನಡೆಗಳ ತಯಾರಿ ಬಗ್ಗೆ ಮಾತಾಡುತ್ತಾರೆ. ಸ್ಟಾಕ್‌ಫಿಶ್‌ನಂಥ ಇಂಜಿನ್ ಈಗ ಯಾರ ಮೊಬೈಲ್‌ಗೂ ಸಿಗುತ್ತದೆ, ನಿಜ. ಆದರೆ ಹೆಚ್ಚು ಬದಲಾಗಿರುವುದು ಆಡುವವರ ಕೈ, ಕಣ್ಣು ಮತ್ತು ಸಮಯದ ಲೆಕ್ಕ.

ಮೊದಲು ಮನೆಯ ವಿಚಾರ. ಚೆಸ್ ನಡೆಗೆ ಬೇಕಾದ ಡೇಟಾ ಬಹಳ ಸಣ್ಣದು, ಹಾಗಾಗಿ ಹೆಚ್ಚು ವೇಗದ ಪ್ಲಾನ್ ಹಾಕಿಸಿಕೊಂಡರೆ ಪ್ರಯೋಜನವಿಲ್ಲ. ಬೇಕಾದದ್ದು ಕಡಿಯದ ಸಂಪರ್ಕ. ವೈಫೈ ಬಿಟ್ಟು ರೌಟರ್‌ನಿಂದ ಲ್ಯಾಪ್‌ಟಾಪ್‌ಗೆ ನೇರ ಕೇಬಲ್ ಎಳೆದರೆ ಅರ್ಧ ತೊಂದರೆ ಕಳೆಯುತ್ತದೆ. ನಮ್ಮ ಕಡೆ ದೊಡ್ಡ ತಲೆನೋವು ಕರೆಂಟ್. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ ಎಂದು ನಿಶ್ಚಿಂತೆಯಿಂದ ಇರುತ್ತಾರೆ, ರೌಟರ್‌ಗೆ ಇಲ್ಲ ಎಂಬುದು ಮರೆತಿರುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಅದು ಬದಲಾಗುವ ಆ ಕ್ಷಣಕ್ಕೆ ಕೆಲವು ರೌಟರ್ ಆರಿ ಮತ್ತೆ ಹೊತ್ತುತ್ತವೆ. ಹಾಗೆ ಹೊತ್ತಿ ಸಂಪರ್ಕ ಹಿಡಿಯಲು ಒಂದೆರಡು ನಿಮಿಷ ಬೇಕು. ಗಡಿಯಾರದಲ್ಲಿ 40 ಸೆಕೆಂಡ್ ಉಳಿದಿದ್ದಾಗ ಹೀಗಾದರೆ ಆಟ ಅಲ್ಲಿಗೇ ಮುಗಿಯಿತು. ರೌಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಇದಕ್ಕೆ ಸಾಕು. ಫೈಬರ್ ಡಬ್ಬಿ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಕೊಡಬೇಕು. ಒಂದಕ್ಕಷ್ಟೇ ಕೊಟ್ಟು ಮೋಸಹೋದವರು ಬಹಳ. ಮೊಬೈಲ್ ಹಾಟ್‌ಸ್ಪಾಟ್ ಆಟಕ್ಕೆ ಮುಂಚೆಯೇ ಒಮ್ಮೆ ಜೋಡಿಸಿ ಪಾಸ್‌ವರ್ಡ್ ಉಳಿಸಿರಬೇಕು. ಆಟದ ನಡುವೆ ಪಾಸ್‌ವರ್ಡ್ ಟೈಪ್ ಮಾಡುತ್ತಾ ಕೂರಲು ಹೊತ್ತೆಲ್ಲಿದೆ? ವಿಂಡೋಸ್ ಅಪ್‌ಡೇಟ್ ಹಿಂದಿನ ರಾತ್ರಿಯೇ ಮುಗಿದಿರಲಿ.

ಇನ್ನು ಕೈ. ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್‌ನಲ್ಲಿ ಕಾಯಿ ಎಳೆದು ಬಿಡುವುದು ಅಪಾಯ. ಬೆರಳು ಒಂದು ಮನೆ ಮುಂಚೆ ಎದ್ದರೆ ರಾಣಿ ಕುದುರೆಯ ಬಾಯಿಗೆ ಬೀಳುತ್ತಾಳೆ. ತಂತಿಯ ಮೌಸ್ ಇಟ್ಟುಕೊಂಡು, ಕಾಯಿಯ ಮೇಲೊಮ್ಮೆ, ಹೋಗಬೇಕಾದ ಮನೆಯ ಮೇಲೊಮ್ಮೆ ಕ್ಲಿಕ್ ಮಾಡುವ ರೂಢಿ ಒಳ್ಳೆಯದು. ಮೊಬೈಲ್‌ನಲ್ಲಿ ಉದ್ದದ ಆಟ ಆಡುವವರು ನಡೆಯನ್ನು ಖಚಿತಪಡಿಸಿ ಎಂದು ಕೇಳುವ ಸೆಟ್ಟಿಂಗ್ ಹಾಕಿಕೊಳ್ಳಲಿ. ಕೆಲವೇ ನಿಮಿಷದ ಬ್ಲಿಟ್ಸ್ ಆಟದಲ್ಲಿ ಅದನ್ನು ತೆಗೆಯಬೇಕು, ಇಲ್ಲವಾದರೆ ಅದೇ ಸಮಯ ತಿನ್ನುತ್ತದೆ.

ಪ್ರಿಮೂವ್ ಎಂಬುದು ಮರದ ಬೋರ್ಡಿನಲ್ಲಿ ಇಲ್ಲವೇ ಇಲ್ಲ. ಎದುರಾಳಿ ಯೋಚಿಸುತ್ತಿರುವಾಗಲೇ ನಮ್ಮ ಮುಂದಿನ ನಡೆ ಇಟ್ಟುಬಿಡುವುದು. ಆನ್‌ಲೈನ್ ಚೆಸ್ ತಾಣ ಲಿಚೆಸ್‌ನಲ್ಲಿ ಅದಕ್ಕೆ ಸಮಯವೇ ಖರ್ಚಾಗುವುದಿಲ್ಲ, ಚೆಸ್ ಡಾಟ್ ಕಾಮ್‌ನಲ್ಲಿ 0.1 ಸೆಕೆಂಡ್. ಇದು ಹೇಗೆ ಕೈಕೊಡುತ್ತದೆ ಎಂಬುದಕ್ಕೆ ಒಂದು ಹಳೆಯ ಬಲೆ ನೋಡಿ. ಬಿಳಿ ರಾಣಿಯ ಮುಂದಿನ ಕಾಲಾಳನ್ನು ಡಿ4ಕ್ಕೆ ತಳ್ಳುತ್ತದೆ. ಕಪ್ಪು ಜಿ6 ಆಡಿ, ಏನಾದರಾಗಲಿ ಎಂದು ಒಂಟೆಯನ್ನು ಜಿ7ಕ್ಕೆ ಪ್ರಿಮೂವ್ ಮಾಡುತ್ತದೆ. ಬಿಳಿ ತನ್ನ ಸಿ1ರ ಒಂಟೆಯನ್ನು ನೇರ ಎಚ್6ಕ್ಕೆ ತಂದಿಡುತ್ತದೆ. ಕಣ್ಣು ಬಿಟ್ಟು ಆಡುವವನಿಗೆ ಅದು ಪುಕ್ಕಟೆ ಒಂಟೆ. ಎಫ್8ರ ಒಂಟೆಯಿಂದ ಹೊಡೆದರಾಯಿತು. ಪ್ರಿಮೂವ್ ಇಟ್ಟವನ ಒಂಟೆ ಮಾತ್ರ ವಿಧೇಯವಾಗಿ ಜಿ7ರಲ್ಲಿ ಹೋಗಿ ಕೂರುತ್ತದೆ. ಬಿಳಿ ಅದನ್ನು ತಿಂದು ಎಚ್8ರ ಆನೆಯ ಮೇಲೂ ಕಣ್ಣಿಡುತ್ತದೆ. ಮೂರೇ ನಡೆಗೆ ಆಟ ಕೈಬಿಟ್ಟಂತೆ. ಎದುರಾಳಿಗೆ ಬೇರೆ ದಾರಿಯೇ ಇಲ್ಲದಾಗ, ಅಂದರೆ ಚೆಕ್‌ಗೆ ಒಂದೇ ಉತ್ತರವಿದ್ದಾಗ, ಪ್ರಿಮೂವ್ ಸರಿ. ಉಳಿದಂತೆ ಅದು ಯೋಚನೆಯನ್ನೇ ಬಿಡಿಸುವ ಚಟ.

ಮೋಸದ ವಿಷಯ ಬಿಡುವಂತಿಲ್ಲ. 2021ರ ಜೂನ್‌ನಲ್ಲಿ ಕೋವಿಡ್ ಪರಿಹಾರಕ್ಕೆಂದು ವಿಶ್ವನಾಥನ್ ಆನಂದ್ ಏಕಕಾಲಕ್ಕೆ ಹಲವು ಗಣ್ಯರೊಡನೆ ಆನ್‌ಲೈನ್‌ನಲ್ಲಿ ಆಡಿದರು. ಅದರಲ್ಲಿ ಬೆಂಗಳೂರಿನ ಉದ್ಯಮಿಯೊಬ್ಬರು ಆನಂದ್‌ರನ್ನೇ ಸೋಲಿಸಿ, ಮರುದಿನ ಕಂಪ್ಯೂಟರ್ ನೆರವು ಪಡೆದಿದ್ದಾಗಿ ತಾವೇ ಒಪ್ಪಿಕೊಂಡರು. ತಾಣಗಳು ಇಂಥದ್ದನ್ನು ಹಿಡಿಯುವುದು ಒಂದೇ ಸುಳಿವಿನಿಂದಲ್ಲ. ನಡೆಗಳು ಇಂಜಿನ್‌ನ ಆಯ್ಕೆಗೆ ಎಷ್ಟು ಹೊಂದುತ್ತವೆ, ಸುಲಭದ ನಡೆಗೂ ಕಷ್ಟದ ನಡೆಗೂ ಒಂದೇ ಸಮಯ ಹಿಡಿಯುತ್ತಿದೆಯೇ, ಆಟದ ನಡುವೆ ಬೇರೆ ವಿಂಡೋಗೆ ಹೋಗಿ ಬರುತ್ತಿದ್ದಾರೆಯೇ ಎಂದೆಲ್ಲ ಸೇರಿಸಿ ನೋಡುತ್ತವೆ. ಮಕ್ಕಳಿಗೆ ಇದನ್ನು ಮುಂಚೆಯೇ ಹೇಳಿರಬೇಕು. ಪಕ್ಕದಲ್ಲಿ ಕೂತ ಅಪ್ಪ 'ಕುದುರೆ ನೋಡು ಮಗಾ' ಎಂದರೆ ಅದೂ ಮೋಸವೇ. ಬಹುಮಾನದ ಪಂದ್ಯಗಳಲ್ಲಿ ಝೂಮ್ ಕ್ಯಾಮೆರಾ, ಸ್ಕ್ರೀನ್ ಶೇರ್, ಕೆಲವೆಡೆ ಪಕ್ಕದಿಂದ ಇನ್ನೊಂದು ಕ್ಯಾಮೆರಾ ಕೇಳುವುದು ಇದಕ್ಕೇ.

ಒಳ್ಳೆಯತನಕ್ಕೂ ಜಾಗ ಉಳಿದಿದೆ. 2020ರಲ್ಲೇ ಚೆಸೆಬಲ್ ಮಾಸ್ಟರ್ಸ್ ಎಂಬ ಆನ್‌ಲೈನ್ ಟೂರ್ನಮೆಂಟ್‌ನಲ್ಲಿ ಡ್ರಾ ಆಗಬಹುದಾಗಿದ್ದ ಸ್ಥಿತಿಯಲ್ಲಿ ಚೀನಾದ ಡಿಂಗ್ ಲಿರೆನ್ ಸಂಪರ್ಕ ಕಡಿದು ಸೋತರು. ಮುಂದಿನ ಆಟದಲ್ಲಿ ಅವರ ಎದುರಾಳಿ, ಆಗಿನ ವಿಶ್ವ ಚಾಂಪಿಯನ್ ಕಾರ್ಲ್‌ಸನ್, ಆರಂಭದಲ್ಲೇ ರಾಣಿಯನ್ನು ಸುಮ್ಮನೆ ಒಪ್ಪಿಸಿ ಸೋಲೊಪ್ಪಿಕೊಂಡರು. ಅರ್ಮೇನಿಯಾಕ್ಕೆ ನಿಯಮ ಕೊಡದ ನ್ಯಾಯವನ್ನು ಇಲ್ಲಿ ಒಬ್ಬ ಆಟಗಾರ ತಾನಾಗಿ ಕೊಟ್ಟರು.

ಆಟಗಾರನ ಮಟ್ಟ ಹೇಳುವ ಅಂಕಿ, ಅಂದರೆ ರೇಟಿಂಗ್ ಕುರಿತು ಒಂದೇ ಮಾತು. ಲಿಚೆಸ್ ಗ್ಲಿಕೊ-2 ಲೆಕ್ಕದಲ್ಲಿ ಎಲ್ಲರನ್ನೂ 1500ರಿಂದ ಶುರುಮಾಡಿಸುತ್ತದೆ. ಫಿಡೆಯದು ಎಲೋ ಪದ್ಧತಿ, 2024ರ ಮಾರ್ಚ್‌ನಿಂದ ಅದರ ಕನಿಷ್ಠ ಮಿತಿ 1400. ಎರಡು ಬೇರೆ ಅಳತೆಕೋಲು. ಪರದೆಯ 1800 ನೋಡಿ ಹಾಲ್‌ನಲ್ಲಿ 1800 ಎಂದುಕೊಂಡರೆ ಮೊದಲ ದಿನವೇ ಮಗು ಅತ್ತುಕೊಂಡು ಬರುತ್ತದೆ.

ನಿಜವಾದ ಕಷ್ಟ ಇರುವುದು ಇಲ್ಲಿ, ಪರದೆಯಿಂದ ಹಾಲ್‌ಗೆ ಹೋಗುವಲ್ಲಿ. ಆನ್‌ಲೈನ್‌ನಲ್ಲೇ ಕಲಿತ ಮಗುವಿಗೆ ನಿಯಮ ಗೊತ್ತಿರುತ್ತದೆ, ಆದರೆ ಅದನ್ನು ಪಾಲಿಸಿದ್ದು ತಂತ್ರಾಂಶ, ಮಗುವಲ್ಲ. ರಾಜನಿಗೆ ಚೆಕ್ ಬಿದ್ದರೆ ತಾಣದಲ್ಲಿ ಮನೆ ಕೆಂಪಾಗುತ್ತದೆ, ಬೇರೆ ನಡೆ ಇಡಲು ಬಿಡುವುದೇ ಇಲ್ಲ. ಹಾಲ್‌ನಲ್ಲಿ 'ಚೆಕ್' ಎಂದು ಹೇಳುವ ಕಟ್ಟುಪಾಡು ಎದುರಾಳಿಗಿಲ್ಲ. ಮಗು ಗಮನಿಸದೆ ಬೇರೆ ಕಾಯಿ ಆಡಿ ಗಡಿಯಾರ ಒತ್ತಿದರೆ ಎದುರಾಳಿಗೆ 2 ನಿಮಿಷ ಹೆಚ್ಚುವರಿ ಸಿಗುತ್ತದೆ. ಅಂಥ ಅಕ್ರಮ ನಡೆ ಎರಡಾದರೆ ಸೋಲು. ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸಲಿಂಗ್‌ನಲ್ಲೂ ಹಾಗೇ. ಪರದೆಯಲ್ಲಿ ರಾಜನನ್ನು ಎರಡು ಮನೆ ಸರಿಸಿದರೆ ಆನೆ ತಾನಾಗಿ ಹಾರುತ್ತದೆ. ಬೋರ್ಡಿನಲ್ಲಿ ಒಂದೇ ಕೈ, ಮೊದಲು ರಾಜ. ಆನೆಯನ್ನು ಮೊದಲು ಮುಟ್ಟಿದರೆ ಆ ಕಡೆ ಕ್ಯಾಸಲಿಂಗ್ ಇಲ್ಲ, ಆನೆಯನ್ನೇ ಆಡಬೇಕು. ಮುಟ್ಟಿದ ಕಾಯಿ ಆಡಬೇಕೆಂಬ ನಿಯಮ ಮೌಸ್‌ಗೆ ಗೊತ್ತೇ ಇಲ್ಲ. ಪರದೆಯಲ್ಲಿ ಕಾಯಿ ಎತ್ತಿ, ಅತ್ತಿತ್ತ ಆಡಿಸಿ, ಮತ್ತೆ ಅಲ್ಲೇ ಇಡಬಹುದು.

ಆಟ ಕೊನೆಗೆ ಬಂದಾಗ ಕಾಲಾಳು ಎಂಟನೇ ಸಾಲು ಮುಟ್ಟಿ ರಾಣಿಯಾಗುವುದು ಇನ್ನೊಂದು ಗಂಡಾಂತರ. ತಾಣದಲ್ಲಿ ರಾಣಿ ತಾನೇ ಮೂಡುತ್ತಾಳೆ. ಹಾಲ್‌ನಲ್ಲಿ ಎರಡನೇ ರಾಣಿಯನ್ನು ಹುಡುಕಿ ತಂದು ಇಡಬೇಕು. ಸಮಯ ಓಡುತ್ತಿದೆ, ಪಕ್ಕದಲ್ಲಿ ರಾಣಿ ಇಲ್ಲ, ಮಗು ಮನೆಯಲ್ಲಿ ಮಾಡುವ ಹಾಗೆ ಸತ್ತ ಆನೆಯನ್ನು ತಲೆಕೆಳಗಾಗಿ ಇಟ್ಟು ಗಡಿಯಾರ ಒತ್ತುತ್ತದೆ. ಫಿಡೆ ನಿಯಮದಲ್ಲಿ ತಲೆಕೆಳಗಾದ ಆನೆ ಆನೆಯೇ. ಮುಂದಿನ ನಡೆಗೆ ಅದನ್ನು ಓರೆಯಾಗಿ ಓಡಿಸಿದರೆ ಅಕ್ರಮ. ಮಾಡಬೇಕಾದದ್ದು ಇಷ್ಟು: ಗಡಿಯಾರವನ್ನು ನಡುವಿನ ಗುಂಡಿ ಒತ್ತಿ ನಿಲ್ಲಿಸಿ, ಕೈ ಎತ್ತಿ ಆರ್ಬಿಟರ್ ಬಳಿ ರಾಣಿ ಕೇಳುವುದು. ಅದಕ್ಕೆ ಹಕ್ಕಿದೆ, ದಂಡವಿಲ್ಲ.

ಕಣ್ಣಿನ ರೂಢಿ ಎಲ್ಲಕ್ಕಿಂತ ನಿಧಾನವಾಗಿ ಬದಲಾಗುತ್ತದೆ. ಪರದೆಯ ಬೋರ್ಡನ್ನು ಮೇಲಿಂದ ನೋಡುತ್ತೇವೆ, 64 ಮನೆಯೂ ಒಟ್ಟಿಗೆ ಕಾಣುತ್ತವೆ. ಮರದ ಬೋರ್ಡಿನಲ್ಲಿ ಎತ್ತರದ ರಾಜ, ರಾಣಿಯರ ಹಿಂದೆ ದೂರದ ಮೂಲೆಯ ಒಂಟೆ ಮರೆಯಾಗುತ್ತದೆ. ಪಜಲ್‌ನಲ್ಲಿ ಕಾಣುವ ಉದ್ದದ ಓರೆಗೆರೆ ಇಲ್ಲಿ ಕಾಣದೆ ಹೋಗುವುದು ಅದಕ್ಕೆ. ಟೂರ್ನಮೆಂಟ್‌ಗೆ ಎರಡು ವಾರ ಇರುವಾಗಲೇ ಕಂಪ್ಯೂಟರ್ ಪಕ್ಕದಲ್ಲಿ ಮರದ ಬೋರ್ಡು ಹರಡಿ. ಅರ್ಧ ಗಂಟೆಯ ಆನ್‌ಲೈನ್ ಆಟ ಹಾಕಿ, ಎದುರಾಳಿಯ ನಡೆಯನ್ನು ಬೋರ್ಡಿನಲ್ಲಿ ಇಟ್ಟು, ಬೋರ್ಡು ನೋಡಿಯೇ ಯೋಚಿಸಿ, ಅಲ್ಲೇ ಆಡಿ, ಹಾಳೆಯಲ್ಲಿ ಬರೆದು, ಆಮೇಲೆ ಪರದೆಯಲ್ಲಿ ಇಡಿಸಬೇಕು. ಮೊದಲ ಎರಡು ದಿನ ಮಗು ಸಮಯ ಸಾಲದೆ ಸೋಲುತ್ತದೆ, ಸೋಲಲಿ.

ಸಮಯದ ಹದವೂ ಬೇರೆ. ದೊಡ್ಡ ಪಂದ್ಯಗಳಲ್ಲಿ 90 ನಿಮಿಷ ಮತ್ತು ನಡೆಗೆ 30 ಸೆಕೆಂಡ್ ಸಾಮಾನ್ಯ. 3 ನಿಮಿಷದ ಆಟ ಆಡಿ ಪಳಗಿದ ಮಗು ಅಲ್ಲಿ 20 ನಿಮಿಷಕ್ಕೆ ಸೋತು ಹೊರಬರುತ್ತದೆ, ಗಡಿಯಾರದಲ್ಲಿ ಒಂದು ಗಂಟೆಗೂ ಹೆಚ್ಚು ಉಳಿದಿರುತ್ತದೆ. ಇದಕ್ಕೆ ಮದ್ದು ನಡೆಗಳನ್ನು ಬರೆಯುವ ಸ್ಕೋರ್‌ಶೀಟ್‌ನಲ್ಲೇ ಇದೆ. ಐದು ನಡೆಗೊಮ್ಮೆ ನಡೆಯ ಪಕ್ಕ ಉಳಿದ ನಿಮಿಷ ಬರೆಯುವುದಕ್ಕೆ ನಿಯಮದಲ್ಲೇ ಅವಕಾಶವಿದೆ. ಆಟ ಮುಗಿದ ಮೇಲೆ ಆ ಅಂಕಿ ನೋಡಿದರೆ ಎಲ್ಲಿ ಅವಸರಪಟ್ಟಿತೆಂದು ಮಗುವಿಗೇ ಕಾಣುತ್ತದೆ. ಅದನ್ನು ನೋಡುವ ಮುಂಚೆ ಇಂಜಿನ್ ತೆರೆಯಬೇಡಿ. ವಿಶ್ವ ಚಾಂಪಿಯನ್ ಗುಕೇಶ್‌ಗೂ ಅವರ ಕೋಚ್ ವಿಷ್ಣು ಪ್ರಸನ್ನ ಬಹುಕಾಲ ಇಂಜಿನ್ ಮುಟ್ಟಿಸಿರಲಿಲ್ಲ. ಸೋತ ಆಟವನ್ನು ಮರದ ಬೋರ್ಡಿನಲ್ಲಿ ಮತ್ತೆ ಆಡಿ, ತಪ್ಪಿದ್ದು ಯಾವ ನಡೆಯಲ್ಲಿ ಎಂದು ಮಗು ಪೆನ್ಸಿಲ್‌ನಲ್ಲಿ ಗುರುತು ಹಾಕಲಿ, ಸ್ಟಾಕ್‌ಫಿಶ್ ಆಮೇಲೆ ಬರಲಿ.