ಎಲೆಪುಡಿಯ ಕ್ಯಾಲ್ಸಿಯಂ ಅಳೆದ ದಿನ

ಜ್ವಾಲೆಯಲ್ಲಿನ ಬಿಡಿ ಪರಮಾಣುಗಳು ಹೀರುವ ಬೆಳಕನ್ನು ಅಳೆಯುವ ಅಟಾಮಿಕ್ ಅಬ್ಸಾರ್ಪ್ಷನ್ ಉಪಕರಣದಲ್ಲಿ ಕ್ಯಾಲ್ಸಿಯಂ ಅಳೆಯಲು ಅಂದು ಬೆಳಿಗ್ಗೆ ಪಡೆದ ಕ್ಯಾಲಿಬ್ರೇಷನ್ ರೇಖೆಯಲ್ಲಿ ಮೇಲ್ನೋಟಕ್ಕೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಸ್ಟ್ಯಾಂಡರ್ಡ್ ದ್ರಾವಣಗಳ, ಅಂದರೆ ಕ್ಯಾಲ್ಸಿಯಂ ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣಗಳ, ಬಿಂದುಗಳೆಲ್ಲ ಒಂದೇ ಗೆರೆಯ ಮೇಲಿದ್ದವು. ಆದರೆ ಅದೇ ಗೆರೆಯಿಂದ ಲೆಕ್ಕ ಹಾಕಿದಾಗ, ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಪ್ರಮಾಣೀಕರಿಸಿ ಒದಗಿಸುವ ಎಸ್‌ಆರ್‌ಎಂ 1515 ಎಂಬ ಸೇಬಿನ ಎಲೆಯ ಪುಡಿಯಲ್ಲಿ ಶೇಕಡಾ 1.5ರಷ್ಟು ಇರಬೇಕಾದ ಕ್ಯಾಲ್ಸಿಯಂ, ಅದರ ಹತ್ತನೆಯ ಒಂದು ಭಾಗದಷ್ಟು ಕಡಿಮೆ ಬಂದಿತು. ಮತ್ತೆ ಮತ್ತೆ ಅಳೆದಾಗಲೂ ಹೆಚ್ಚುಕಡಿಮೆ ಅದೇ ಅಂಕಿ ಬರುತ್ತಿದ್ದುದರಿಂದ, ಇದು ಅಳತೆಯ ಏರಿಳಿತವಲ್ಲ, ಒಂದೇ ದಿಕ್ಕಿಗೆ ಎಳೆಯುತ್ತಿರುವ ಪಕ್ಷಪಾತ ಎಂಬುದು ಖಚಿತವಾಯಿತು. ಇಂಥ ಪ್ರಮಾಣಿತ ಪುಡಿ ಕೈಯಲ್ಲಿಲ್ಲದಿದ್ದರೆ ಆ ಸುಂದರ ರೇಖೆಯನ್ನು ಯಾರೂ ಸಂಶಯಿಸುತ್ತಿರಲಿಲ್ಲ.

ಆಗ ನಾವು ಎಲೆಯ ದ್ರಾವಣವನ್ನೇ ಹಲವು ಪಾಲು ಮಾಡಿ, ಪ್ರತಿ ಪಾಲಿಗೂ ಗೊತ್ತಿರುವ ಪ್ರಮಾಣದ ಕ್ಯಾಲ್ಸಿಯಂ ಅನ್ನು ಏರುಕ್ರಮದಲ್ಲಿ ಸೇರಿಸಿ ಅಳೆದೆವು. ಹಾಗೆ ದೊರೆತ ಗೆರೆಯ ಇಳಿಜಾರು, ಬರೀ ಆಮ್ಲದಲ್ಲಿ ತಯಾರಿಸಿದ ಸ್ಟ್ಯಾಂಡರ್ಡ್‌ಗಳ ಗೆರೆಗಿಂತ ಸ್ಪಷ್ಟವಾಗಿ ಕಡಿಮೆಯಿತ್ತು. ಕಾರಣ ಎಲೆಯಲ್ಲೇ ಇತ್ತು: ಸಸ್ಯದ ರಂಜಕವು ದ್ರಾವಣದಲ್ಲಿ ಫಾಸ್ಫೇಟ್ ಆಗಿ ಉಳಿದು, ಗಾಳಿ-ಅಸಿಟಿಲೀನ್ ಜ್ವಾಲೆಯಲ್ಲಿ ಸುಲಭವಾಗಿ ಒಡೆಯದ ಸಂಯುಕ್ತಗಳಾಗಿ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ, ಬಿಡಿ ಪರಮಾಣುಗಳು ಕಡಿಮೆಯಾಗುವುದರಿಂದ 422.7 ನ್ಯಾನೊಮೀಟರ್ ತರಂಗಾಂತರದಲ್ಲಿ ಹೀರಲ್ಪಡುವ ಬೆಳಕೂ ಕಡಿಮೆಯಾಗುತ್ತದೆ. ಫಾಸ್ಫೇಟನ್ನು ತನ್ನ ಕಡೆಗೆ ಸೆಳೆದುಕೊಳ್ಳುವ ಲ್ಯಾಂಥನಮ್ ಕ್ಲೋರೈಡನ್ನು ಬೆರೆಸಿದ ಮೇಲೆ ಎರಡೂ ಗೆರೆಗಳು ಸಮಾಂತರವಾದವು, ಎಲೆಪುಡಿಯ ಅಂಕಿಯೂ ಪ್ರಮಾಣಪತ್ರದ ವ್ಯಾಪ್ತಿಯೊಳಗೆ ಬಂದಿತು. ಲ್ಯಾಂಥನಮ್ ಅನ್ನು ಮಾದರಿಗೆ ಮಾತ್ರವಲ್ಲದೆ ಸ್ಟ್ಯಾಂಡರ್ಡ್‌ಗಳಿಗೂ ಮಾದರಿಯೇ ಇಲ್ಲದ ಬ್ಲ್ಯಾಂಕ್‌ಗೂ ಅಷ್ಟೇ ಪ್ರಮಾಣದಲ್ಲಿ ಹಾಕಬೇಕು, ಏಕೆಂದರೆ ಆ ರಾಸಾಯನಿಕದಲ್ಲೇ ಒಂದಿಷ್ಟು ಕ್ಯಾಲ್ಸಿಯಂ ಕಲ್ಮಶವಾಗಿ ಇರಬಹುದು.

ಉಪಕರಣದ ಮಾತು ಅಲ್ಲಿಗೆ ಮುಗಿಯಿತು. ಆದರೆ ನಮ್ಮದೇ ಎಲೆಮಾದರಿಗಳಲ್ಲಿ, ಒಂದೇ ಡಬ್ಬಿಯಿಂದ ತೆಗೆದ ಪಾಲುಗಳ ನಡುವಿನ ವ್ಯತ್ಯಾಸ, ಒಂದೇ ದ್ರಾವಣವನ್ನು ಮರಳಿ ಅಳೆದಾಗ ಬರುವ ವ್ಯತ್ಯಾಸಕ್ಕಿಂತ ಬಹಳ ಹೆಚ್ಚಾಗಿತ್ತು. ದಂಟಿನ ನಾರಿನ ಚೂರುಗಳು ನುಣ್ಣಗಾಗದೆ ಮೇಲೆ ಉಳಿದು, ಎಲೆಯ ಮೃದುಭಾಗದ ಪುಡಿ ಡಬ್ಬಿಯ ತಳ ಸೇರುತ್ತಿತ್ತು. ಇವೆರಡರ ಕ್ಯಾಲ್ಸಿಯಂ ಪ್ರಮಾಣ ಒಂದೇ ಅಲ್ಲ. ಅದರ ಮೇಲೆ, ಒಣಗಿಸಿದ ಪುಡಿ ತೂಗುವಷ್ಟರಲ್ಲೇ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಪ್ರಮಾಣಪತ್ರದ ಅಂಕಿಗಳು ಒಣತೂಕಕ್ಕೆ ಸಂಬಂಧಿಸಿದವು. ಆದ್ದರಿಂದ ಶೇಕಡಾ 5ರಷ್ಟು ತೇವವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟರೆ ಫಲಿತಾಂಶವೂ ಅಷ್ಟೇ ಕೆಳಗಿಳಿಯುತ್ತದೆ, ಆ ಕೊರತೆಯನ್ನು ಎಷ್ಟೇ ದುಬಾರಿಯಾದ ಉಪಕರಣವೂ ತುಂಬಿಕೊಡಲಾರದು. ಹೆಚ್ಚಿನ ಪ್ರಯೋಗಾಲಯಗಳು ಅಳೆಯುವ ಯಂತ್ರಕ್ಕೆ ಕೊಡುವ ಗಮನದ ಅರ್ಧದಷ್ಟನ್ನೂ ಅರೆಯುವ ಯಂತ್ರಕ್ಕೆ ಕೊಡುವುದಿಲ್ಲವೆಂಬುದು ನನ್ನ ಅನಿಸಿಕೆ. ಪುಡಿಯನ್ನು ಮತ್ತೆ ಅರೆದು, ಪೂರ್ತಿ ಜರಡಿ ಇಳಿಯುವಂತೆ ಮಾಡಿ, ಪ್ರತಿ ತೂಕದ ಜೊತೆಗೇ ಬೇರೊಂದು ಪಾಲಿನಲ್ಲಿ ತೇವಾಂಶವನ್ನು ಅಳೆದಾಗ ಪಾಲುಗಳ ನಡುವಿನ ಅಂತರ ಬಹುಮಟ್ಟಿಗೆ ಕುಗ್ಗಿತು.

ಅದೇ ದಿನ ಅಳೆದ ಇನ್ನೊಂದು ಧಾತು ಅಲ್ಯೂಮಿನಿಯಂ ಮಾತ್ರ ಸಂಜೆಯವರೆಗೂ ಪ್ರಮಾಣಪತ್ರದ ಅಂಕಿಗಿಂತ ಕಡಿಮೆಯೇ ಬಂದಿತು. ಎಲೆಯ ಸಿಲಿಕಾ ನೈಟ್ರಿಕ್ ಆಮ್ಲದಲ್ಲಿ ಕರಗದೆ ಒಂದಿಷ್ಟು ಅಲ್ಯೂಮಿನಿಯಂ ಅನ್ನು ತನ್ನೊಳಗೇ ಉಳಿಸಿಕೊಳ್ಳುತ್ತದೆ. ಅದನ್ನು ಬಿಡಿಸಲು ಹೈಡ್ರೋಫ್ಲೋರಿಕ್ ಆಮ್ಲ ಬೇಕು. ಆ ಆಮ್ಲವನ್ನು ಸುರಕ್ಷಿತವಾಗಿ ಬಳಸುವ ವ್ಯವಸ್ಥೆ ನಮ್ಮಲ್ಲಿರಲಿಲ್ಲವಾದ್ದರಿಂದ, ವರದಿಯಿಂದ ಆ ಧಾತುವಿನ ಸಾಲನ್ನೇ ತೆಗೆದೆವು.