ಹತ್ತಿರ ಹೋದಷ್ಟೂ ಹೂವು ಮಸುಕಾಗುವುದೇಕೆ?

ನಾನು ತೆಗೆದ ತುಂಬೆ ಹೂವಿನ ಚಿತ್ರಗಳನ್ನು ನೋಡಿದವರು ಒಂದಲ್ಲ ಒಂದು ಬಗೆಯಲ್ಲಿ ಕೇಳುವ ಪ್ರಶ್ನೆಯನ್ನು ಕಳೆದ ಕಾರ್ತಿಕದಲ್ಲಿ ಚಿಕ್ಕಮ್ಮನೂ ಕೇಳಿದರು: “ಮೊಬೈಲನ್ನು ಹೂವಿಗೆ ತಾಗುವಷ್ಟು ಹತ್ತಿರ ಹಿಡಿದರೂ ನನಗೆ ಬರುವುದು ಬರೀ ಬಿಳಿ ಮಸುಕು. ನಿನಗೆ ಹೇಗೆ ಎಳೆ ಎಳೆಯೂ ಕಾಣುತ್ತದೆ?”

ತಾಗುವಷ್ಟು ಹತ್ತಿರ ಹೋಗುವುದೇ ಮೊದಲ ತೊಡಕು. ಪ್ರತಿ ಲೆನ್ಸಿಗೂ ಒಂದು ಕನಿಷ್ಠ ದೂರವಿದೆ. ಅದಕ್ಕಿಂತ ಮುಂದೆ ಹೋದರೆ ಫೋಕಸ್ ಕೂರುವುದೇ ಇಲ್ಲ. ಹಲವು ಮೊಬೈಲ್‌ಗಳ ಮುಖ್ಯ ಕ್ಯಾಮೆರಾಕ್ಕೆ ಸುಮಾರು ಒಂದು ಗೇಣಿನ ಅರ್ಧದಷ್ಟಾದರೂ ದೂರ ಬೇಕು. ಆದ್ದರಿಂದ ಹಿಂದೆ ಸರಿದು, ಎರಡು ಪಟ್ಟು ಜೂಮ್ ಮಾಡಿ ತೆಗೆಯುವುದೇ ಮೇಲು.

ಚಿಕ್ಕ ವಸ್ತುಗಳನ್ನು ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ಕೊಂಡರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ, ಅಲ್ಲಿಂದಲೇ ನಿಜವಾದ ಕಷ್ಟ ಶುರು. ತುಂಬೆ ಹೂವು ಹೆಚ್ಚೆಂದರೆ ಒಂದು ಸೆಂಟಿಮೀಟರಿನಷ್ಟು ಉದ್ದ. ಅದನ್ನು ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕದ) ಮೇಲೆ ಅದರ ನಿಜ ಗಾತ್ರದಲ್ಲೇ ಮೂಡಿಸುವಷ್ಟು ಹತ್ತಿರ ಹೋದಾಗ, 36 ಮಿಲಿಮೀಟರ್ ಅಗಲದ ಸೆನ್ಸರಿನಲ್ಲಿ ಬೆಳಕು ಒಳಬರುವ ರಂಧ್ರವನ್ನು ಎಫ್ 11ಕ್ಕೆ ಕಿರಿದಾಗಿಸಿದರೂ ಸ್ಪಷ್ಟವಾಗಿ ಬರುವ ಪದರದ ದಪ್ಪ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ತುಂಬೆಯ ಎಸಳು ಎರಡು ತುಟಿಗಳಂತಿರುತ್ತದೆ; ಮುಂದೆ ಚಾಚಿದ ಕೆಳತುಟಿ ಸ್ಪಷ್ಟವಾದರೆ ಹಿಂದಿನ ಮೇಲ್ತುಟಿ ಮಸುಕು. ಹಾಗೆಂದು ಇನ್ನೂ ಕಿರಿದಾದ ಎಫ್ 22ಕ್ಕೆ ಹೋದರೆ, ಆ ರಂಧ್ರದಲ್ಲಿ ಹಾಯುವ ಬೆಳಕು ಚದುರಿ ಇಡೀ ಚಿತ್ರದ ಹರಿತವೇ ಕುಗ್ಗುತ್ತದೆ.

ಹಾಗಾಗಿ ಯಾವ ಭಾಗ ಸ್ಪಷ್ಟವಾಗಬೇಕೆಂದು ನಾನು ಮೊದಲೇ ತೀರ್ಮಾನಿಸುತ್ತೇನೆ. ತುಂಬೆಯಲ್ಲಿ ನನ್ನ ಆಯ್ಕೆ ಯಾವಾಗಲೂ ಮೇಲ್ತುಟಿ. ಅದು ಬಿಳಿ ರೋಮದ ಕುಲಾವಿಯಂತೆ ಬಾಗಿರುತ್ತದೆ. ಅದರ ಅಡಿಯಲ್ಲಿ ನಾಲ್ಕು ಕೇಸರಗಳು ಅಡಗಿರುತ್ತವೆ. ಎದುರಿನಿಂದ ತೆಗೆದರೆ ಇದೆಲ್ಲ ಕಳೆದುಹೋಗುತ್ತದೆ. ಪಕ್ಕದಿಂದ, ಹೂವಿನ ಉದ್ದಕ್ಕೂ ಕ್ಯಾಮೆರಾ ಸಮಾನಾಂತರವಾಗಿ ಇರುವಂತೆ ಹಿಡಿದರೆ ಎರಡೂ ತುಟಿಗಳು ಆ ತೆಳು ಪದರದೊಳಗೇ ಬರುತ್ತವೆ. ಗಿಡ ಮೊಣಕಾಲೆತ್ತರ ಇರುವುದೇ ಅಪರೂಪ, ಬದುವಿನ ಮೇಲೆ ಮಲಗದೆ ಇದು ಆಗದು. ಮಲಗಿದ ಮೇಲೆ ಫೋಕಸ್ ರಿಂಗನ್ನು ಮುಟ್ಟುವುದಿಲ್ಲ. ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ, ರೋಮ ಎದ್ದು ಕಂಡ ಗಳಿಗೆಯಲ್ಲಿ ಒತ್ತುತ್ತೇನೆ. ಹತ್ತಿಪ್ಪತ್ತು ಚಿತ್ರಗಳಲ್ಲಿ ಒಂದು ಉಳಿದರೂ ನನಗೆ ಸಂತೋಷ.

ಗಾಳಿಯ ವಿಷಯದಲ್ಲಿ ನಾನು ಹಟಮಾರಿ. ಬಿಸಿಲೇರಿ ನೆಲ ಕಾದಂತೆ ಗಾಳಿ ಏಳುತ್ತದೆ. ರಾಗಿ ಹೊಲದ ಬದುವಿನಲ್ಲಿ ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಗಿಡ ನಿಶ್ಚಲವಾಗಿದ್ದರೆ, ಒಂಬತ್ತಕ್ಕೆಲ್ಲ ತಲೆದೂಗಲು ಶುರು. ಒಂದು ಮಿಲಿಮೀಟರ್ ಅಲುಗಿದರೂ ಹೂವು ಫೋಕಸ್‌ನಿಂದ ಹೊರಗೆ. ಹಾಗೆಂದು ಕಿತ್ತು ಮನೆಗೆ ತಂದು ತೆಗೆಯುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ತುಂಬೆಯ ಎಸಳು ಸ್ವಲ್ಪ ತಗುಲಿದರೂ ಕಳಚಿ ಬೀಳುತ್ತದೆ, ಜೊತೆಗೆ ಆ ಬದು, ಆ ಇಬ್ಬನಿ, ಹೂವಿಗೆ ಬಂದ ಇರುವೆ, ಯಾವುದೂ ಮನೆಯ ಮೇಜಿನ ಮೇಲೆ ಇರುವುದಿಲ್ಲ.

ಬಿಳಿ ಹೂವಿಗೆ ಇನ್ನೊಂದು ಎಚ್ಚರಿಕೆ ಬೇಕು. ಸುತ್ತಲಿನ ಕಡು ಹಸಿರನ್ನು ನೋಡಿ ಕ್ಯಾಮೆರಾ ಬೆಳಕನ್ನು ಹೆಚ್ಚಿಸಿಬಿಡುತ್ತದೆ, ಹೂವು ಸುಣ್ಣ ಬಳಿದಂತಾಗುತ್ತದೆ. ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿ. ಮೊಬೈಲಿನಲ್ಲಾದರೆ ಹೂವಿನ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಮೋಡ ಕವಿದಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಬಿಸಿಲಿದ್ದರೆ ಕೊಡೆಯ ನೆರಳು ಸಾಕು.

ಚಿಕ್ಕಮ್ಮ ಕಾರ್ತಿಕ ಸೋಮವಾರದ ಪೂಜೆಗೆಂದು ಪ್ರತಿ ವರ್ಷ ತುಂಬೆ ಬಿಡಿಸುವವರು. ಮುಂದಿನ ಸೋಮವಾರ, ಬುಟ್ಟಿ ತುಂಬುವ ಮೊದಲು ತೆಗೆದ ಒಂದು ಚಿತ್ರವನ್ನು ನನಗೆ ಕಳುಹಿಸಿದರು. ಕೆಳತುಟಿಯ ಅಂಚು ತುಸು ಮಸುಕಾಗಿತ್ತು. ಬಿಳಿ ಕುಲಾವಿಯ ಅಡಿಯಿಂದ ಕಂದುಗೆಂಪಿನ ಪರಾಗಕೋಶಗಳು ಇಣುಕುತ್ತಿದ್ದವು. “ಇಷ್ಟು ವರ್ಷ ಬಿಡಿಸಿದ್ದೇನೆ, ಇದು ಇದೆಯೆಂದೇ ಗೊತ್ತಿರಲಿಲ್ಲ” ಎಂದು ಕೆಳಗೆ ಬರೆದಿದ್ದರು.