ಗುಂಡ್ರಾಡ ರಾಜನ ಮಗಳು ಹೌದೋ ಅಲ್ಲವೋ?

ಅಲ್ಲ.

ಇಷ್ಟೇ ಬೇಕಾಗಿದ್ದವರು ಇಲ್ಲಿಗೇ ನಿಲ್ಲಿಸಬಹುದು. ನಾನು ನಾರ್ಮನ್ (ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡ್ ಆಳಿದವರ) ವಂಶಾವಳಿಗಳ ಹಿಂದೆ ಬಿದ್ದವನು ಎಂದು ಗೊತ್ತಾದವರೆಲ್ಲ ಇದನ್ನೇ ಕೇಳುತ್ತಾರೆ. ವಾರೆನ್ ಮನೆತನದ ಗುಂಡ್ರಾಡ, 1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಂನ ಮಗಳಾ? ಒಂದೇ ಮಾತಲ್ಲಿ ಹೇಳಬೇಕಂತೆ. ಹೇಳಿದರೆ ಒಪ್ಪುತ್ತಾರಾ? "ಸಮಾಧಿ ಕಲ್ಲಿನ ಮೇಲೇ ಬರೆದಿದೆಯಂತಲ್ಲ!"

ಬರೆದಿಲ್ಲ ಸ್ವಾಮಿ. ಆ ಕಲ್ಲು ಇಂಗ್ಲೆಂಡಿನ ಲೂಯಿಸ್ ಊರಿನ ಸೌತ್‌ಓವರ್ ಚರ್ಚಿನಲ್ಲಿದೆ. ಕಪ್ಪು ಕಲ್ಲು, ಮೈತುಂಬ ಎಲೆಗಳ ಕೆತ್ತನೆ, ಅಂಚಿನಲ್ಲೂ ನಡುವೆಯೂ ಲ್ಯಾಟಿನ್ ಪದ್ಯ. ದೊರೆಗಳ ಕುಲದವಳು ಎಂದಿದೆ. ಯಾವ ದೊರೆ ಎಂದಿಲ್ಲ. ಅವಳು ಹೆರಿಗೆಯಲ್ಲಿ ತೀರಿಕೊಂಡದ್ದು 1085ರಲ್ಲಿ. ಕಲ್ಲು ಕೆತ್ತಿದ್ದು ಅದಾಗಿ ಅರ್ಧ ಶತಮಾನವೂ ಕಳೆದ ಮೇಲೆ. ಅದೇ ಚರ್ಚಿನಲ್ಲಿ ಸೀಸದ ಎರಡು ಪುಟ್ಟ ಪೆಟ್ಟಿಗೆಗಳೂ ಇವೆ. 1845ರಲ್ಲಿ ರೈಲು ದಾರಿಗೆ ನೆಲ ಅಗೆಯುವಾಗ ಸಿಕ್ಕವು. ಮೂಳೆಗಳನ್ನಷ್ಟೇ ಇಡುವಷ್ಟು ಜಾಗ. ಒಂದರ ಮುಚ್ಚಳದಲ್ಲಿ ಅವಳ ಹೆಸರು, ಇನ್ನೊಂದರಲ್ಲಿ ಗಂಡ ವಿಲಿಯಂ ಡಿ ವಾರೆನ್‌ನದು. ಅಪ್ಪನ ಸುದ್ದಿ ಅಲ್ಲೂ ಇಲ್ಲ.

ಒಂದು ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಿದ್ದೆವು. ನೆಂಟರೊಬ್ಬರು ಇದೇ ರಾಗ ತೆಗೆದರು. "ಅಷ್ಟೆಲ್ಲಾ ಓದ್ತೀಯ, ಆ ಹೆಂಗಸಿನ ಅಪ್ಪ ಯಾರು ಅಂತ ಇನ್ನೂ ಗೊತ್ತಾಗ್ಲಿಲ್ವೇನಯ್ಯಾ?"

"ಮಾವ, ಈ ಮದುವೆಗೆ ಗೋತ್ರ ನೋಡಿದ್ರಿ ತಾನೇ?"

"ನೋಡದೆ ಇರ್ತೀವಾ?"

ಆಗಿನ ಚರ್ಚೂ ನೋಡುತ್ತಿತ್ತು, ಏಳು ತಲೆಮಾರಿನವರೆಗೆ. ಗುಂಡ್ರಾಡಳ ಮಗನಿಗೆ ತನ್ನ ಮಗಳನ್ನು ಕೊಡಲು ರಾಜ ಒಂದನೇ ಹೆನ್ರಿ ಹೊರಟಿದ್ದ. ಈ ಹೆನ್ರಿ ಇಂಗ್ಲೆಂಡ್ ಗೆದ್ದ ಅದೇ ವಿಲಿಯಂನ ಮಗ. ಕೂಡದು ಎಂದು ಆರ್ಚ್‌ಬಿಷಪ್ ಆನ್ಸೆಲ್ಮ್ ಕಾಗದ ಬರೆದ. ಇಬ್ಬರಿಗೂ ರಕ್ತಸಂಬಂಧವಿದೆ, ಒಂದು ಕಡೆಯಿಂದ ನಾಲ್ಕನೇ ತಲೆಮಾರು, ಇನ್ನೊಂದು ಕಡೆಯಿಂದ ಆರನೆಯದು ಎಂದ. ಗುಂಡ್ರಾಡ ಹೆನ್ರಿಯ ಅಕ್ಕನೇ ಆಗಿದ್ದರೆ ಹುಡುಗ ಹುಡುಗಿಗೆ ಸಾಕ್ಷಾತ್ ಸೋದರತ್ತೆ ಮಗ. ಅಷ್ಟು ಹತ್ತಿರದ ಕಾರಣ ಇಟ್ಟುಕೊಂಡು ಯಾರಾದರೂ ಆರನೇ ತಲೆಮಾರು ಹುಡುಕುತ್ತಾರಾ?

"ನಮ್ಮಲ್ಲಿ ಸೋದರತ್ತೆ ಮಗನಿಗೆ ಕೊಡ್ತೀವಪ್ಪ" ಎಂದು ಮಾವ ಎಲೆ ಹಿಡಿಯಲು ಹೊರಟರು.

ಗುಂಡ್ರಾಡಳ ಅಣ್ಣನೋ ತಮ್ಮನೋ ಒಬ್ಬನಿದ್ದ: ಫ್ಲಾಂಡರ್ಸಿನ (ಈಗಿನ ಬೆಲ್ಜಿಯಂ ಕಡೆಯ) ಗರ್ಬಾಡ್, ಸ್ವಲ್ಪ ಕಾಲ ಇಂಗ್ಲೆಂಡಿನ ಚೆಸ್ಟರ್‌ನ ಅರ್ಲ್, ಅಂದರೆ ಒಡೆಯ. ಅವನಂತೂ ರಾಜನ ಮಗನಲ್ಲ. 12ನೇ ಶತಮಾನದ ಇತಿಹಾಸಕಾರ ಆರ್ಡೆರಿಕ್ ವಿಟಾಲಿಸ್ ಇಬ್ಬರೂ ಒಡಹುಟ್ಟಿದವರೆಂದು ಸ್ಪಷ್ಟವಾಗಿ ಬರೆದಿದ್ದಾನೆ. ಆದರೂ ರಾಜನ ನಂಟು ಬಿಡಲು ಮನಸ್ಸಿಲ್ಲದವರು, ರಾಜ ವಿಲಿಯಂನ ಹೆಂಡತಿ ರಾಣಿ ಮಟಿಲ್ಡಾಗೆ ಮೊದಲೊಬ್ಬ ಗಂಡನಿದ್ದ, ಗುಂಡ್ರಾಡ ಅವನ ಮಗಳು ಎಂದು ಹೊಸ ಕಥೆ ಕಟ್ಟಿದರು. 1888ರಲ್ಲಿ ಫ್ರೀಮನ್ ಎಂಬ ಇತಿಹಾಸಕಾರ ಅದನ್ನೂ ತಳ್ಳಿಹಾಕಿದ.

ಅವಳನ್ನು ರಾಜಕುಮಾರಿ ಮಾಡಿ ಯಾರಿಗೇನು ಸಿಗುತ್ತಿತ್ತು ಅಂತ ಕೇಳಿ, ಅದು ಪ್ರಶ್ನೆ. ಗಂಡ ಹೆಂಡತಿ ಸೇರಿ ಲೂಯಿಸ್‌ನಲ್ಲಿ ಮಠ ಕಟ್ಟಿಸಿದ್ದರು. ಮಟಿಲ್ಡಾ ಗುಂಡ್ರಾಡಳ ತಾಯಿ ಎನ್ನುವ ಮಾತು ಇರುವುದು ಅದೇ ಮಠದ ದಾನಪತ್ರದಲ್ಲಿ, ಅದೂ ಆಮೇಲೆ ತುರುಕಿದ್ದು. ಕಟ್ಟಿಸಿದವಳು ರಾಜನ ಮಗಳಾದರೆ ಮಠದ ತೂಕ ಜಾಸ್ತಿ, ಅಲ್ವಾ?

ಮನೆತನಕ್ಕಂತೂ ಈ ಸುಳ್ಳು ಬೇಕಾಗಿಯೇ ಇರಲಿಲ್ಲ. ಹೆನ್ರಿಯ ಮಗಳು ತಪ್ಪಿಹೋದ ಆ ಹುಡುಗ ಮುಂದೆ ಫ್ರಾನ್ಸಿನ ರಾಜನೊಬ್ಬನ ಮೊಮ್ಮಗಳು ಎಲಿಜಬೆತ್‌ಳನ್ನು ಮದುವೆಯಾದ. ಅವರ ಮಗಳು ಏಡಾ ಸ್ಕಾಟ್ಲೆಂಡಿನ ಯುವರಾಜನ ಮನೆ ಸೇರಿದಳು. ಅವಳ ಮಕ್ಕಳಾದ ನಾಲ್ಕನೇ ಮ್ಯಾಲ್ಕಂ, ವಿಲಿಯಂ ಇಬ್ಬರೂ ಒಬ್ಬರಾದ ಮೇಲೊಬ್ಬರು ಅಲ್ಲಿ ರಾಜರಾದರು. ಏಡಾ ಬಗ್ಗೆ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿ ನೋಡಿ, ಗಂಟೆಗಟ್ಟಲೆ ಹೇಳುತ್ತೇನೆ.